ಲಾಬಿ ನಿಯಮದಿಂದ ಗೋಲ್ಡನ್ ರೇಡ್‌ವರೆಗೆ: ಕಬಡ್ಡಿಯ ನಿಯಮ, ಆಟಗಾರರು, ಟೂರ್ನಿಗಳ ಬಗ್ಗೆ ಏಕಿಷ್ಟು ಚರ್ಚೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಹೈದರಾಬಾದ್: ಕಬಡ್ಡಿ ಎಲ್ಲರಿಗೂ ಗೊತ್ತಿರುವ ಆಟ. ಆದರೆ ಅದರ ನಿಯಮಗಳು ಎಲ್ಲ ಕಡೆ ಒಂದೇ ಅಲ್ಲ. ಊರ ಮಣ್ಣಿನ ಅಂಕಣದಲ್ಲಿ ಒಂದು, ಪ್ರೊ ಕಬಡ್ಡಿ ಲೀಗ್‌ನಲ್ಲಿ ಇನ್ನೊಂದು, ಅಂತಾರಾಷ್ಟ್ರೀಯ ಪಂದ್ಯದಲ್ಲಿ ಮತ್ತೊಂದು. ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಹುದು ಎಂಬುದು 2023ರ ಅಕ್ಟೋಬರ್ 7ರಂದು ಚೀನಾದ ಹ್ಯಾಂಗ್‌ಝೌನಲ್ಲಿ ಇಡೀ ಏಷ್ಯಾಕ್ಕೆ ಗೊತ್ತಾಯಿತು. ಏಷ್ಯನ್ ಗೇಮ್ಸ್ ಫೈನಲ್ ಪಂದ್ಯ ಒಂದೇ ಒಂದು ನಿಯಮದ ಗೊಂದಲದಿಂದ ಸುಮಾರು ಒಂದು ಗಂಟೆ ನಿಂತುಹೋಗಿತ್ತು.

ಅಂದು ಗೊಂದಲದ ಕೇಂದ್ರದಲ್ಲಿದ್ದ ಭಾರತದ ನಾಯಕ ಪವನ್ ಸೆಹ್ರಾವತ್ ಅವರನ್ನು ಎರಡೇ ದಿನಗಳಲ್ಲಿ ನಡೆದ ಹರಾಜಿನಲ್ಲಿ ತೆಲುಗು ಟೈಟಾನ್ಸ್ ತಂಡ ₹2.60 ಕೋಟಿಗೂ ಹೆಚ್ಚು ಮೊತ್ತಕ್ಕೆ ಖರೀದಿಸಿತು. ಹೀಗಾಗಿ ಆ ಚರ್ಚೆ ಹೈದರಾಬಾದ್‌ನ ಗಚ್ಚಿಬೌಲಿವರೆಗೂ ಬಂತು. ನಿಯಮಗಳೇನು, ಅವುಗಳ ಬಗ್ಗೆ ಇರುವ ತಕರಾರುಗಳೇನು, ಆಟಗಾರರಿಗೆ ಸಿಕ್ಕಿದ್ದೇನು, ಯಾರಿಗೆ ಏನೂ ಸಿಕ್ಕಿಲ್ಲ ಎಂಬುದರ ಸಮಗ್ರ ನೋಟ ಇಲ್ಲಿದೆ.

ಮೊದಲು ಮೂಲ ನಿಯಮಗಳು:

- ತಂಡದಲ್ಲಿ 7 ಮಂದಿ ಅಂಕಣದಲ್ಲಿ ಇರುತ್ತಾರೆ. ಉಳಿದವರು ಬದಲಿ ಆಟಗಾರರು.
- ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ.
- ಪುರುಷರ ಪಂದ್ಯ ತಲಾ 20 ನಿಮಿಷಗಳ ಎರಡು ಅವಧಿಗಳಲ್ಲಿ ನಡೆಯುತ್ತದೆ. ನಡುವೆ 5 ನಿಮಿಷ ವಿರಾಮ.
- ಒಂದು ರೇಡ್‌ಗೆ 30 ಸೆಕೆಂಡ್ ಸಮಯ. ರೇಡರ್ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕು.
- ರೇಡರ್ ಮುಟ್ಟಿ ಬಂದ ಪ್ರತಿ ಎದುರಾಳಿಗೆ ಒಂದು ಅಂಕ. ರೇಡರ್‌ನನ್ನು ಹಿಡಿದರೆ ಡಿಫೆಂಡಿಂಗ್ ತಂಡಕ್ಕೆ ಒಂದು ಅಂಕ.
- ಬೋನಸ್ ಗೆರೆ ದಾಟಿದರೆ ಒಂದು ಅಂಕ. ಆದರೆ ಎದುರಾಳಿ ಅಂಕಣದಲ್ಲಿ 6 ಅಥವಾ 7 ಮಂದಿ ಇದ್ದಾಗ ಮಾತ್ರ.
- ಎದುರಾಳಿ ತಂಡದ ಎಲ್ಲರೂ ಔಟಾದರೆ ಆಲ್‌ಔಟ್. ಅದಕ್ಕೆ ಹೆಚ್ಚುವರಿ 2 ಅಂಕ.
- ತಂಡ ಅಂಕ ಗಳಿಸಿದಂತೆ ಔಟಾಗಿ ಹೊರಗೆ ಕೂತ ಅದರ ಆಟಗಾರರು ಒಬ್ಬೊಬ್ಬರಾಗಿ ಮರಳಿ ಬರುತ್ತಾರೆ. ಬೋನಸ್ ಅಂಕಕ್ಕೆ ಮಾತ್ರ ಯಾರೂ ಮರಳುವಂತಿಲ್ಲ.

ಇಷ್ಟು ತಿಳಿದರೆ ಪಂದ್ಯ ನೋಡಬಹುದು. ವಾದ ಮಾಡಲು ಮಾತ್ರ ಇನ್ನಷ್ಟು ತಿಳಿಯಬೇಕು.

ಒಂದು ಆಟ, ಹಲವು ರೂಪ: ಈಗಿನ ನಿಯಮಗಳು ಹುಟ್ಟುವ ಮೊದಲೇ ಆಟ ದೇಶದ ಉದ್ದಗಲಕ್ಕೂ ಇತ್ತು. ತೆಲುಗು ಮತ್ತು ತಮಿಳು ಪ್ರದೇಶಗಳಲ್ಲಿ ಇದರ ಹೆಸರು ಚೆಡುಗುಡು. ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು. ಬಾಂಗ್ಲಾದೇಶಕ್ಕೆ ಇದು ರಾಷ್ಟ್ರೀಯ ಕ್ರೀಡೆ. ಪಂಜಾಬ್‌ನಲ್ಲಿ ವೃತ್ತಾಕಾರದ ಬಯಲಿನಲ್ಲಿ ಆಡುವ ಸರ್ಕಲ್ ಶೈಲಿ ಇಂದಿಗೂ ಪ್ರತ್ಯೇಕವಾಗಿಯೇ ಉಳಿದಿದೆ.

ಹಿಂದೆ ಮೂರು ಪ್ರಮುಖ ಪ್ರಕಾರಗಳಿದ್ದವು. ‘ಸಂಜೀವನಿ’ಯಲ್ಲಿ ಔಟಾದವರಿಗೆ ಮರುಜೀವ ಸಿಗುತ್ತಿತ್ತು. ‘ಗಾಮಿನಿ’ಯಲ್ಲಿ ಔಟಾದವರು ತಂಡದ ಎಲ್ಲರೂ ಔಟಾಗುವವರೆಗೆ ಹೊರಗೇ ಕೂರಬೇಕಿತ್ತು. ‘ಅಮರ್’ನಲ್ಲಿ ಔಟಾದರೂ ಆಟಗಾರ ಅಂಕಣ ಬಿಡಬೇಕಿರಲಿಲ್ಲ, ಎದುರಾಳಿಗೆ ಅಂಕ ಮಾತ್ರ ಸಿಗುತ್ತಿತ್ತು. ಇಂದು ನಾವು ಟಿವಿಯಲ್ಲಿ ನೋಡುವ ಕಬಡ್ಡಿ ಸಂಜೀವನಿಯ ಮುಂದುವರಿಕೆ.

1938ರಲ್ಲಿ ಕಲ್ಕತ್ತಾದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕಬಡ್ಡಿ ಸೇರಿತು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ರಚನೆಯಾಯಿತು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಇದು, 1990ರ ಬೀಜಿಂಗ್ ಕೂಟದಲ್ಲಿ ಪದಕದ ಕ್ರೀಡೆಯಾಯಿತು. ಅಲ್ಲಿಂದ 2014ರವರೆಗೆ ಸತತ 7 ಕೂಟಗಳಲ್ಲಿ ಪುರುಷರ ಚಿನ್ನ ಭಾರತದ್ದೇ. ಮಹಿಳೆಯರ ಕಬಡ್ಡಿ ಸೇರಿದ್ದು 2010ರ ಗುವಾಂಗ್‌ಝೌ ಕೂಟದಲ್ಲಿ.

2018ರ ಜಕಾರ್ತಾ ಕೂಟ ಈ ಸರಣಿಯನ್ನು ಮುರಿಯಿತು. ಪುರುಷರ ತಂಡ ಸೆಮಿಫೈನಲ್‌ನಲ್ಲಿ ಇರಾನ್ ಎದುರು 18-27ರಿಂದ ಸೋತಿತು. ಮಹಿಳಾ ತಂಡ ಫೈನಲ್‌ನಲ್ಲಿ ಅದೇ ಇರಾನ್‌ಗೆ 24-27ರಿಂದ ಶರಣಾಯಿತು. ಹಾಗಾಗಿ 2023ರ ಫೈನಲ್ ಬರೀ ಚಿನ್ನದ ಪಂದ್ಯವಾಗಿರಲಿಲ್ಲ, ಮರ್ಯಾದೆಯ ಪ್ರಶ್ನೆಯೂ ಆಗಿತ್ತು.

ಲಾಬಿ ನಿಯಮ: ಹ್ಯಾಂಗ್‌ಝೌನಲ್ಲಿ ನಡೆದದ್ದೇನು? ಅಂಕಣದ ಎರಡೂ ಬದಿಯಲ್ಲಿ ತಲಾ ಒಂದು ಮೀಟರ್ ಅಗಲದ ಪಟ್ಟಿ ಇರುತ್ತದೆ. ಅದೇ ಲಾಬಿ. ರೇಡರ್ ಮತ್ತು ಡಿಫೆಂಡರ್ ನಡುವೆ ಸ್ಪರ್ಶವಾದ ಮೇಲಷ್ಟೇ ಲಾಬಿ ಆಟದ ಜಾಗವಾಗುತ್ತದೆ. ಅದಕ್ಕೂ ಮೊದಲು ಅಲ್ಲಿ ಕಾಲಿಟ್ಟರೆ ಔಟ್.

ಫೈನಲ್‌ನಲ್ಲಿ ಸ್ಕೋರ್ 28-28. ಉಳಿದದ್ದು ಸುಮಾರು ಒಂದು ನಿಮಿಷ. ಪವನ್ ಅವರದು ಡು ಆರ್ ಡೈ ರೇಡ್. ಅಂಕ ತರದಿದ್ದರೆ ಅವರೇ ಔಟ್. ಪವನ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಅವರನ್ನು ಹಿಡಿಯಲು ಇರಾನ್‌ನ ಡಿಫೆಂಡರ್‌ಗಳೂ ಹಿಂದೆಯೇ ಲಾಬಿಗೆ ನುಗ್ಗಿದರು.

ಪ್ರಶ್ನೆ ಇಷ್ಟೇ: ಯಾರು ಔಟ್? ಅಂತಾರಾಷ್ಟ್ರೀಯ ಫೆಡರೇಷನ್‌ನ ಹಳೆಯ ನಿಯಮದಂತೆ ರೇಡರ್ ಜೊತೆಗೆ ಅವನ ಹಿಂದೆ ಲಾಬಿಗೆ ಹೋದ ಡಿಫೆಂಡರ್‌ಗಳೂ ಔಟ್. ಪ್ರೊ ಕಬಡ್ಡಿಯಲ್ಲಿ ರೂಢಿಗೆ ಬಂದ ತಿದ್ದುಪಡಿಯಂತೆ ರೇಡರ್ ಹೊರಗೆ ಕಾಲಿಟ್ಟ ಕ್ಷಣವೇ ರೇಡ್ ಮುಗಿಯಿತು. ಆಮೇಲೆ ಹೋದ ಡಿಫೆಂಡರ್‌ಗಳಿಗೆ ಏನೂ ಆಗುವುದಿಲ್ಲ. ಮೊದಲ ನಿಯಮ ಭಾರತಕ್ಕೆ ಲಾಭ, ಎರಡನೆಯದು ಇರಾನ್‌ಗೆ ಲಾಭ.

ತೀರ್ಪು ಒಮ್ಮೆ ಒಂದು ಕಡೆ, ಇನ್ನೊಮ್ಮೆ ಮತ್ತೊಂದು ಕಡೆ ವಾಲಿತು. ಆಟಗಾರರು ಮ್ಯಾಟ್ ಮೇಲೆಯೇ ಕೂತು ಪ್ರತಿಭಟಿಸಿದರು. ಕೊನೆಗೆ ಹಳೆಯ ನಿಯಮವೇ ಊರ್ಜಿತವಾಯಿತು. ಭಾರತ 33-29ರಿಂದ ಚಿನ್ನ ಗೆದ್ದಿತು. ಅದೇ ದಿನ ಮಹಿಳಾ ತಂಡ ಚೈನೀಸ್ ತೈಪೆಯನ್ನು 26-25ರಿಂದ ಸೋಲಿಸಿತ್ತು. ಅದು ಆ ಕೂಟದಲ್ಲಿ ಭಾರತದ 100ನೇ ಪದಕ.

ಗೆದ್ದ ಖುಷಿಯಲ್ಲಿ ಪ್ರಶ್ನೆ ಮರೆಯಾಯಿತು, ಬಗೆಹರಿಯಲಿಲ್ಲ. ಎರಡೂ ತಂಡಗಳ ಪ್ರಮುಖ ಆಟಗಾರರು ವರ್ಷದಲ್ಲಿ ಹೆಚ್ಚು ಪಂದ್ಯ ಆಡುವುದು ಪ್ರೊ ಕಬಡ್ಡಿಯಲ್ಲಿ. ಅವರ ಕಾಲಿಗೆ ಅಭ್ಯಾಸವಾಗಿರುವುದು ಲೀಗ್‌ನ ನಿಯಮ. ದೇಶಕ್ಕಾಗಿ ಆಡುವಾಗ ಮಾತ್ರ ಬೇರೆ ನಿಯಮ ಎಂದರೆ ಅಪಘಾತ ಕಾದೇ ಇರುತ್ತದೆ. ಅಂದು ತೀರ್ಪು ಭಾರತದ ಪರ ಬಂತು. ತಿರುಗಿ ಬಂದಿದ್ದರೆ ನಮ್ಮಲ್ಲಿ ಈ ಚರ್ಚೆ ಇಷ್ಟು ಬೇಗ ತಣ್ಣಗಾಗುತ್ತಿರಲಿಲ್ಲ.

ಡು ಆರ್ ಡೈ ರೇಡ್: ಪರ-ವಿರೋಧ: ಒಂದು ತಂಡ ಸತತ ಎರಡು ರೇಡ್‌ಗಳಲ್ಲಿ ಅಂಕ ಗಳಿಸದಿದ್ದರೆ ಮೂರನೆಯದು ಡು ಆರ್ ಡೈ. ಅಂಕ ತರಬೇಕು, ಇಲ್ಲವೇ ರೇಡರ್ ಔಟ್. 2014ರ ಜುಲೈ 26ರಂದು ಶುರುವಾದ ಪ್ರೊ ಕಬಡ್ಡಿಯೇ ಈ ನಿಯಮವನ್ನು ಮನೆಮಾತಾಗಿಸಿದ್ದು.

ಪರವಾಗಿ ಇರುವ ವಾದ ಸ್ಪಷ್ಟ. ಮುನ್ನಡೆಯಲ್ಲಿರುವ ತಂಡ ಸುಮ್ಮನೆ ಗೆರೆ ಮುಟ್ಟಿ ಬಂದು ಹೊತ್ತು ಕಳೆಯುವುದನ್ನು ಇದು ತಡೆಯಿತು. ಯಾವುದೇ ಹೊತ್ತಿನಲ್ಲಿ ಟಿವಿ ಹಾಕಿದರೂ ಪಂದ್ಯದಲ್ಲಿ ಬಿಸಿ ಇರುತ್ತದೆ.

ವಿರೋಧದ ವಾದವೂ ಹಗುರವಲ್ಲ. ಮೂರನೇ ರೇಡ್ ಹೇಗೂ ಬರುತ್ತದೆ ಎಂದು ಗೊತ್ತಿರುವುದರಿಂದ ಮೊದಲ ಎರಡನ್ನು ತಂಡಗಳು ಉದ್ದೇಶಪೂರ್ವಕವಾಗಿ ಖಾಲಿ ಬಿಡುತ್ತವೆ. ಹೊತ್ತು ಕಳೆಯುವುದನ್ನು ತಪ್ಪಿಸಲು ಬಂದ ನಿಯಮ, ಹೊತ್ತು ಕಳೆಯುವುದಕ್ಕೇ ಒಂದು ಲೆಕ್ಕ ಹಾಕಿಕೊಟ್ಟಂತಾಗಿದೆ. ಜೊತೆಗೆ ‘ಡು ಆರ್ ಡೈ ಸ್ಪೆಷಲಿಸ್ಟ್’ ಎಂಬ ಹೊಸ ಹೊಣೆ ಹುಟ್ಟಿಕೊಂಡಿದೆ. ತಾರಾ ರೇಡರ್ ಔಟಾಗಬಾರದೆಂದು ಮೂರನೇ ರೇಡ್‌ಗೆ ಎರಡನೇ ಸಾಲಿನ ಹುಡುಗನನ್ನು ಕಳಿಸುವುದು ಈಗ ಮಾಮೂಲಿ.

ಸೂಪರ್ ಟ್ಯಾಕಲ್: ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಡಿಫೆಂಡರ್‌ಗಳು ಉಳಿದಿರುವಾಗ ರೇಡರ್‌ನನ್ನು ಹಿಡಿದರೆ ಒಂದರ ಬದಲು 2 ಅಂಕ. ಸೋಲುತ್ತಿರುವ ತಂಡಕ್ಕೆ ಇದು ಊರುಗೋಲು. ಆಲ್‌ಔಟ್ ಅಂಚಿನಲ್ಲಿದ್ದ ತಂಡ ಇದೇ ನಿಯಮದಿಂದ ಪಂದ್ಯಕ್ಕೆ ಮರಳಿದ ಉದಾಹರಣೆ ಪ್ರತಿ ಸೀಸನ್‌ನಲ್ಲೂ ಸಿಗುತ್ತದೆ.

ಚೆನ್ನಾಗಿ ಆಡಿ ಎದುರಾಳಿಯನ್ನು ಮೂವರಿಗೆ ಇಳಿಸಿದ ತಂಡಕ್ಕೆ ಇದು ಶಿಕ್ಷೆಯಲ್ಲವೇ ಎಂಬುದು ತಕರಾರು. ಆದರೆ ಏಳು ಮಂದಿ ಸೇರಿ ಒಬ್ಬನನ್ನು ಹಿಡಿಯುವುದಕ್ಕೂ, ಇಬ್ಬರು ಸೇರಿ ಹಿಡಿಯುವುದಕ್ಕೂ ಒಂದೇ ಬೆಲೆ ಕಟ್ಟುವುದು ನ್ಯಾಯವಲ್ಲ ಎಂಬ ಉತ್ತರವೂ ಇದೆ. ಹೊಸ ನಿಯಮಗಳ ಪೈಕಿ ಅತಿ ಕಡಿಮೆ ವಿರೋಧ ಎದುರಿಸಿದ್ದು ಇದೇ.

ಉಸಿರೋ, ಗಡಿಯಾರವೋ? ಒಂದು ಕಾಲಕ್ಕೆ ರೇಡ್ ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ರೇಡರ್‌ನ ಉಸಿರು. ಒಂದೇ ಉಸಿರಿನಲ್ಲಿ ಹೋಗಿ ಬರಬೇಕು. ನಡುವೆ ಉಸಿರೆಳೆದರೆ ಔಟ್. ಈಗ ಆ ಕೆಲಸವನ್ನು 30 ಸೆಕೆಂಡ್‌ಗಳ ಗಡಿಯಾರ ಮಾಡುತ್ತದೆ. ‘ಕಬಡ್ಡಿ’ ಎಂಬ ಉಚ್ಚಾರ ಕಡ್ಡಾಯವಾಗಿಯೇ ಇದ್ದರೂ, ಕೇಕೆ, ಸಂಗೀತ, ಕಾಮೆಂಟರಿಗಳ ನಡುವೆ ಅದು ಪ್ರೇಕ್ಷಕರ ಕಿವಿಗೆ ಬೀಳುವುದೇ ಅಪರೂಪ.

ಹಳಬರಿಗೆ ಇದು ಆಟದ ಜೀವವನ್ನೇ ತೆಗೆದಂತೆ ಕಾಣುತ್ತದೆ. ಆದರೆ ಉಸಿರು ಕಡಿಯಿತೋ ಇಲ್ಲವೋ ಎಂದು ಅಂಪೈರ್ ಕಿವಿಗೊಟ್ಟು ನಿರ್ಧರಿಸುತ್ತಿದ್ದ ಕಾಲದಲ್ಲಿ ಜಗಳಗಳೂ ಅಷ್ಟೇ ಇದ್ದವು. ಗಡಿಯಾರ ಯಾರ ಪರವೂ ಅಲ್ಲ. ಈಗ ತಂಡಗಳಿಗೆ ವಿಡಿಯೋ ರಿವ್ಯೂ ಕೇಳುವ ಅವಕಾಶವೂ ಇದೆ. ಲಾಬಿ, ಬೋನಸ್, ಜೆರ್ಸಿ ಸ್ಪರ್ಶದಂಥ ಸೂಕ್ಷ್ಮ ತೀರ್ಪುಗಳಲ್ಲಿ ಇದರಿಂದ ಅನುಕೂಲವೇ ಆಗಿದೆ.

ಟೈ ಇಲ್ಲ, ಗೋಲ್ಡನ್ ರೇಡ್ ಇದೆ: 2025ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಶುರುವಾದ 12ನೇ ಸೀಸನ್‌ನಲ್ಲಿ ಲೀಗ್ ಹಂತದ ಪಂದ್ಯಗಳಿಗೂ ಟೈ ಬ್ರೇಕರ್ ಬಂತು. 40 ನಿಮಿಷಗಳ ಬಳಿಕ ಸ್ಕೋರ್ ಸಮವಾಗಿದ್ದರೆ ಎರಡೂ ತಂಡಗಳಿಗೆ ತಲಾ 5 ರೇಡ್. ಐವರು ಬೇರೆ ಬೇರೆ ರೇಡರ್‌ಗಳು ಹೋಗಬೇಕು. ಇಲ್ಲಿ ಬಾಕ್ ಗೆರೆಯೇ ಬೋನಸ್ ಗೆರೆ. ಔಟಾದವರು ಹೊರಗೆ ಹೋಗುವುದಿಲ್ಲ, ಅಂಕ ಮಾತ್ರ ಲೆಕ್ಕ. ಹಳೆಯ ‘ಅಮರ್’ ಪ್ರಕಾರದ ನೆನಪು ತರುವ ವ್ಯವಸ್ಥೆ ಇದು. ಆಗಲೂ ಸಮವಾದರೆ ಟಾಸ್ ಹಾಕಿ ಗೋಲ್ಡನ್ ರೇಡ್.

ಅಂಕಪಟ್ಟಿಯ ಲೆಕ್ಕವೂ ಬದಲಾಯಿತು. ಮೊದಲು ಗೆದ್ದರೆ 5, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಅಂಕ ಸಿಗುತ್ತಿತ್ತು. ಈಗ ಗೆದ್ದರೆ 2, ಸೋತರೆ ಸೊನ್ನೆ. ಪ್ಲೇಆಫ್‌ಗೂ ಮೊದಲು ‘ಪ್ಲೇ ಇನ್’ ಎಂಬ ಹೊಸ ಹಂತ ಸೇರಿತು. ಹೀಗಾಗಿ ಮೊದಲ 8 ತಂಡಗಳಿಗೆ ಪ್ರಶಸ್ತಿಯ ಆಸೆ ಜೀವಂತ.

ಪಟ್ಟಿ ಸರಳವಾಯಿತು ಎಂಬುದು ನಿಜ. ಆದರೆ ಏಳು ಅಂಕಗಳ ನಿಯಮಕ್ಕೆ ತನ್ನದೇ ಬೆಲೆ ಇತ್ತು. 12 ಅಂಕ ಹಿಂದಿದ್ದ ತಂಡವೂ ಕೊನೆಯ ನಿಮಿಷದವರೆಗೆ ಜೀವ ಬಿಟ್ಟು ಆಡುತ್ತಿತ್ತು. ಆ ಒಂದು ಅಂಕಕ್ಕಾಗಿ ಪಂದ್ಯದೊಳಗೆ ಇನ್ನೊಂದು ಪಂದ್ಯ ನಡೆಯುತ್ತಿತ್ತು. ಈಗ 12 ಅಂಕ ಹಿಂದಿರುವ ತಂಡಕ್ಕೆ ಅಂಥ ಆಸೆ ಇಲ್ಲ. ಇನ್ನು 40 ನಿಮಿಷ ಬೆವರು ಸುರಿಸಿದ ಪಂದ್ಯದಲ್ಲಿ ಕೊನೆಗೆ ನಾಣ್ಯಕ್ಕೂ ಪಾಲು ಸಿಗುವುದನ್ನು ಒಪ್ಪದವರು ಇದ್ದಾರೆ.

ಹೈದರಾಬಾದ್ ಮತ್ತು ಟೈಟಾನ್ಸ್: ಪ್ರೊ ಕಬಡ್ಡಿಯ ಇತಿಹಾಸದಲ್ಲಿ ಹೈದರಾಬಾದ್‌ಗೆ ವಿಶೇಷ ಜಾಗವಿದೆ. 2016ರ ಜುಲೈ 31ರಂದು 4ನೇ ಸೀಸನ್ ಫೈನಲ್ ನಡೆದದ್ದು ಗಚ್ಚಿಬೌಲಿ ಒಳಾಂಗಣ ಕ್ರೀಡಾಂಗಣದಲ್ಲಿ. ಅಲ್ಲಿ ಪಟ್ನಾ ಪೈರೇಟ್ಸ್ ತಂಡ ಜೈಪುರವನ್ನು 37-29ರಿಂದ ಮಣಿಸಿತ್ತು. 2024ರ ಮಾರ್ಚ್ 1ರಂದು 10ನೇ ಸೀಸನ್ ಫೈನಲ್ ಕೂಡ ಇಲ್ಲೇ. ಪುಣೇರಿ ಪಲ್ಟನ್ 28-25ರಿಂದ ಹರಿಯಾಣ ಸ್ಟೀಲರ್ಸ್ ತಂಡವನ್ನು ಸೋಲಿಸಿತು.

ಊರಿಗೆ ಫೈನಲ್ ಬಂತು, ಊರಿನ ತಂಡ ಫೈನಲ್‌ಗೆ ಬರಲಿಲ್ಲ. ತೆಲುಗು ಟೈಟಾನ್ಸ್ ಮೊದಲ ಸೀಸನ್‌ನಿಂದಲೂ ಇರುವ ತಂಡ. ಇದುವರೆಗೆ ಪ್ರಶಸ್ತಿ ಒಮ್ಮೆಯೂ ದಕ್ಕಿಲ್ಲ. 2015ರ 2ನೇ ಸೀಸನ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಎದುರು ಒಂದೇ ಅಂಕದಿಂದ, 38-39ರಿಂದ ಸೋತಿತ್ತು. 8, 9 ಮತ್ತು 10ನೇ ಸೀಸನ್‌ಗಳಲ್ಲಿ ಗೆದ್ದದ್ದು ಕ್ರಮವಾಗಿ 1, 2 ಮತ್ತು 2 ಪಂದ್ಯ. ಅಂದರೆ 66 ಪಂದ್ಯಗಳಲ್ಲಿ 5 ಗೆಲುವು. ಹರಾಜಿನ ದಾಖಲೆ ಮೊತ್ತಕ್ಕೆ ಪವನ್ ಬಂದದ್ದು ಇದರಲ್ಲಿ ಕೊನೆಯ ಸೀಸನ್‌ಗೆ. ಒಬ್ಬ ತಾರೆಗೆ ಕೋಟಿ ಸುರಿದರೆ ತಂಡ ಗೆಲ್ಲುವುದಿಲ್ಲ ಎಂಬ ವಾದಕ್ಕೆ ಅಭಿಮಾನಿಗಳು ಇಂದಿಗೂ ಕೊಡುವ ಉದಾಹರಣೆ ಅದು.

2024ರ ಅಕ್ಟೋಬರ್ 18ರಂದು 11ನೇ ಸೀಸನ್ ಉದ್ಘಾಟನೆ ಗಚ್ಚಿಬೌಲಿಯಲ್ಲೇ ನಡೆಯಿತು. ಮೊದಲ ಪಂದ್ಯ ಟೈಟಾನ್ಸ್ ಮತ್ತು ಬೆಂಗಳೂರು ಬುಲ್ಸ್ ನಡುವೆ. ಟೈಟಾನ್ಸ್ 37-29ರಿಂದ ಗೆದ್ದಿತು. ಒಂದು ಕಾಲದಲ್ಲಿ ಬುಲ್ಸ್‌ನ ಕಣ್ಮಣಿಯಾಗಿದ್ದ ಪವನ್ ಈ ಕಡೆ, ಪ್ರದೀಪ್ ನರ್ವಾಲ್ ಬುಲ್ಸ್ ಕಡೆ. ಬುಲ್ಸ್‌ಗೆ ಅದರ ಏಕೈಕ ಪ್ರಶಸ್ತಿಯನ್ನು 2019ರ ಜನವರಿ 5ರ ಫೈನಲ್‌ನಲ್ಲಿ 22 ಅಂಕ ಗಳಿಸಿ ತಂದುಕೊಟ್ಟವರು ಇದೇ ಪವನ್ ಎಂಬುದನ್ನು ಕನ್ನಡಿಗರು ಮರೆತಿಲ್ಲ.

11ನೇ ಸೀಸನ್‌ನಲ್ಲಿ 12 ಪಂದ್ಯ ಗೆದ್ದರೂ ಟೈಟಾನ್ಸ್ 7ನೇ ಸ್ಥಾನಕ್ಕೆ ನಿಂತು ಪ್ಲೇಆಫ್ ತಪ್ಪಿಸಿಕೊಂಡಿತು. 12ನೇ ಸೀಸನ್‌ನಲ್ಲಿ ಪವನ್ ಇಲ್ಲದೆ, ವಿಜಯ್ ಮಲಿಕ್ ನಾಯಕತ್ವದಲ್ಲಿ ಕ್ವಾಲಿಫೈಯರ್ 2ರವರೆಗೆ ಬಂದು ಪುಣೇರಿ ಪಲ್ಟನ್ ಎದುರು ಸೋತಿತು. ಆದರೆ ಆ ಸೀಸನ್ ಪಂದ್ಯಗಳು ನಡೆದದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ ಮತ್ತು ದೆಹಲಿಯಲ್ಲಿ. ತಂಡ ಚೆನ್ನಾಗಿ ಆಡಿದ ವರ್ಷವೇ ಹೈದರಾಬಾದ್ ಪ್ರೇಕ್ಷಕರಿಗೆ ಅದನ್ನು ಊರಲ್ಲಿ ನೋಡುವ ಭಾಗ್ಯ ಸಿಗಲಿಲ್ಲ.

ಟೈಟಾನ್ಸ್‌ನಲ್ಲಿ ಕನ್ನಡಿಗ, ಎಲ್ಲೆಡೆ ಕನ್ನಡಿಗರು: ಟೈಟಾನ್ಸ್‌ನ ಆರಂಭಿಕ ಸೀಸನ್‌ಗಳಲ್ಲಿ ರಾಹುಲ್ ಚೌಧರಿ ಜೊತೆ ರೇಡ್ ಮಾಡುತ್ತಿದ್ದವರಲ್ಲಿ ಕರಾವಳಿ ಕರ್ನಾಟಕದ ಸುಕೇಶ್ ಹೆಗ್ಡೆ ಒಬ್ಬರು. ಮುಂದೆ ಅವರು 5ನೇ ಸೀಸನ್‌ನಲ್ಲಿ ಗುಜರಾತ್ ತಂಡದ ನಾಯಕರಾದರು. ಕೋಚ್‌ಗಳ ಪೈಕಿ ಬಿ.ಸಿ. ರಮೇಶ್ ಅವರದು ದೊಡ್ಡ ಹೆಸರು. 7ನೇ ಸೀಸನ್‌ನಲ್ಲಿ ಬೆಂಗಾಲ್ ವಾರಿಯರ್ಸ್, 10ನೇ ಸೀಸನ್‌ನಲ್ಲಿ ಪುಣೇರಿ ಪಲ್ಟನ್ ಚಾಂಪಿಯನ್ ಆದದ್ದು ಅವರ ಗರಡಿಯಲ್ಲಿ. ಎರಡನೇ ಕಪ್ ಅವರು ಎತ್ತಿದ್ದು ಇದೇ ಗಚ್ಚಿಬೌಲಿಯಲ್ಲಿ.

ಕೋಟಿಯ ಹರಾಜು: ಯಾರಿಗೆ ಎಷ್ಟು? 2014ರ ಮೊದಲ ಹರಾಜಿನಲ್ಲಿ ಅತ್ಯಧಿಕ ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್ ಅವರಿಗೆ. ಮೊತ್ತ ₹12.80 ಲಕ್ಷ. 2018ರ 6ನೇ ಸೀಸನ್‌ನಲ್ಲಿ ಮೊತ್ತ ಕೋಟಿ ದಾಟಿತು. ಆ ವರ್ಷ ಮೋನು ಗೋಯತ್ ಅವರಿಗೆ ₹1.51 ಕೋಟಿ ಸಿಕ್ಕಿತು. 10ನೇ ಸೀಸನ್‌ನಲ್ಲಿ ಪವನ್‌ಗೆ ₹2.60 ಕೋಟಿ ಚಿಲ್ಲರೆ, ಇರಾನ್‌ನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ₹2.35 ಕೋಟಿ.

ಒಂದು ದಶಕದಲ್ಲಿ 20 ಪಟ್ಟು ಏರಿಕೆ. ಹಿಂದೆ ಕಬಡ್ಡಿ ಆಟಗಾರನ ಗುರಿ ರೈಲ್ವೆ, ಸೇನೆ, ಪೊಲೀಸ್ ಅಥವಾ ಬ್ಯಾಂಕ್‌ನಲ್ಲಿ ಕ್ರೀಡಾ ಕೋಟಾದ ನೌಕರಿ ಹಿಡಿಯುವುದಾಗಿತ್ತು. ಈಗ ಅದರಾಚೆಗೂ ದಾರಿ ಇದೆ. ಆದರೆ ಇದು ಮಂಡಿ, ಭುಜ, ಹಿಮ್ಮಡಿ ಪಣಕ್ಕಿಟ್ಟು ಆಡುವ ಆಟ. 9ನೇ ಸೀಸನ್‌ನಲ್ಲಿ ₹2.26 ಕೋಟಿಗೆ ತಮಿಳ್ ತಲೈವಾಸ್ ಸೇರಿದ್ದ ಪವನ್, ಮೊದಲ ಪಂದ್ಯದ ಆರಂಭದಲ್ಲೇ ಮಂಡಿ ಗಾಯಗೊಂಡು ಇಡೀ ಸೀಸನ್ ಕಳೆದುಕೊಂಡಿದ್ದರು. ಹಾಗಾಗಿ ಕೋಟಿ ಸಿಗುವ ಬೆರಳೆಣಿಕೆಯ ಮಂದಿಯನ್ನು ಬಿಟ್ಟರೆ, ಉಳಿದವರಿಗೆ ಇಂದಿಗೂ ನೌಕರಿಯೇ ನೆಲೆ.

ಐರ್ಲೆಂಡ್ ಏನು ಮಾಡಿತು? ಇಂಥದೇ ಪ್ರಶ್ನೆಗಳನ್ನು ಎದುರಿಸಿದ ಮತ್ತೊಂದು ದೇಸಿ ಆಟ ಐರ್ಲೆಂಡ್‌ನ ಗೇಲಿಕ್ ಫುಟ್‌ಬಾಲ್. ತಂಡಕ್ಕೆ 15 ಮಂದಿ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಗೋಲಿಗೆ 3 ಪಾಯಿಂಟ್, ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಚೆಂಡು ಕಳಿಸಿದರೆ 1 ಪಾಯಿಂಟ್. 1884ರಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇದನ್ನು ನೋಡಿಕೊಳ್ಳುತ್ತದೆ.

ಆಟ ನೀರಸವಾಗುತ್ತಿದೆ, ಎಲ್ಲರೂ ರಕ್ಷಣೆಗೇ ನಿಲ್ಲುತ್ತಿದ್ದಾರೆ ಎಂಬ ದೂರು ಅಲ್ಲೂ ಬಂತು. ಮಾಜಿ ಕೋಚ್ ಜಿಮ್ ಗ್ಯಾವಿನ್ ನೇತೃತ್ವದ ಸಮಿತಿ ಹೊಸ ನಿಯಮಗಳನ್ನು ಸೂಚಿಸಿತು. 40 ಮೀಟರ್ ಕಮಾನಿನ ಆಚೆಯಿಂದ ಹೊಡೆದ ಪಾಯಿಂಟ್‌ಗೆ 2 ಅಂಕ ಎಂಬುದು ಅವುಗಳಲ್ಲಿ ಒಂದು. 2024ರ ನವೆಂಬರ್‌ನಲ್ಲಿ ವಿಶೇಷ ಅಧಿವೇಶನದಲ್ಲಿ ಪ್ರತಿನಿಧಿಗಳು ಮತ ಹಾಕಿ ಒಪ್ಪಿದ ಮೇಲೆ, 2025ರಲ್ಲಿ ಪ್ರಯೋಗವಾಗಿ ಜಾರಿಗೆ ಬಂದವು.

ಇಲ್ಲಿ ಗಮನಿಸಬೇಕಾದದ್ದು ಎರಡು. ಹೊಸ ನಿಯಮ ದೊಡ್ಡ ತಂಡಗಳಿಗೆ ಮಾತ್ರ ಬರಲಿಲ್ಲ, ಊರ ಕ್ಲಬ್‌ಗಳಿಗೂ ಬಂತು. ಬದಲಾವಣೆಗೆ ಒಪ್ಪಿಗೆ ಕೊಟ್ಟದ್ದು ಪ್ರಸಾರ ಸಂಸ್ಥೆಯಲ್ಲ, ಆಟದ ಸದಸ್ಯರೇ ಆರಿಸಿದ ಅಧಿವೇಶನ. ಆದರೆ ಅಲ್ಲಿ ಆಟಗಾರರಿಗೆ ಸಂಭಾವನೆ ಇಲ್ಲ, ಅದು ಈಗಲೂ ಹವ್ಯಾಸಿ ಕ್ರೀಡೆ. ಹಣದ ವಿಷಯದಲ್ಲಿ ಕಬಡ್ಡಿ ಮುಂದೆ, ನಿಯಮದ ಶಿಸ್ತಿನಲ್ಲಿ ಗೇಲಿಕ್ ಫುಟ್‌ಬಾಲ್ ಮುಂದೆ ಎನ್ನಬಹುದು.

ಫೆಡರೇಷನ್ ಜಗಳ, ಕೋರ್ಟ್ ಕಟ್ಟೆ: ನಿಯಮ ಒಂದೇ ಆಗಬೇಕಾದರೆ ಅದನ್ನು ಮಾಡುವ ಸಂಸ್ಥೆ ಗಟ್ಟಿಯಾಗಿರಬೇಕು. ಭಾರತದ ಕಬಡ್ಡಿ ಫೆಡರೇಷನ್ ವರ್ಷಗಳ ಕಾಲ ನ್ಯಾಯಾಲಯದಲ್ಲೇ ಕಳೆಯಿತು. 2018ರಲ್ಲಿ ದೆಹಲಿ ಹೈಕೋರ್ಟ್ ಆಗಿನ ಪದಾಧಿಕಾರಿಗಳ ಆಯ್ಕೆಯನ್ನು ರದ್ದುಪಡಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು. ಚುನಾಯಿತ ಸಮಿತಿ ಇಲ್ಲವೆಂದು ಅಂತಾರಾಷ್ಟ್ರೀಯ ಫೆಡರೇಷನ್ ಭಾರತದ ಮಾನ್ಯತೆಯನ್ನೇ ಅಮಾನತಿನಲ್ಲಿಟ್ಟಿತು. ಇದರಿಂದ ಏಷ್ಯನ್ ಚಾಂಪಿಯನ್‌ಷಿಪ್ ಕೈತಪ್ಪುವ ಭೀತಿ ಎದುರಾದಾಗ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಇಬ್ಬರು ಮಹಿಳಾ ಆಟಗಾರರು.

2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾಯಿತ ಸಮಿತಿಗೆ ಅಧಿಕಾರ ಹಸ್ತಾಂತರಿಸಲು ಸೂಚಿಸಿತು. ಮುಂದಿನ ತಿಂಗಳು ಟೆಹ್ರಾನ್‌ನಲ್ಲಿ ಭಾರತದ ಮಹಿಳಾ ತಂಡ ಇರಾನ್ ತಂಡವನ್ನು ಅದರ ನೆಲದಲ್ಲೇ 32-25ರಿಂದ ಸೋಲಿಸಿ ಏಷ್ಯನ್ ಚಾಂಪಿಯನ್ ಆಯಿತು. ಕೋರ್ಟ್ ಆದೇಶ ಬರದಿದ್ದರೆ ಆ ತಂಡ ವಿಮಾನ ಹತ್ತುತ್ತಲೇ ಇರಲಿಲ್ಲ.

ಮಹಿಳಾ ಲೀಗ್ ಎಲ್ಲಿ? ಎಲ್ಲ ಚರ್ಚೆಗಳ ಪೈಕಿ ಉತ್ತರ ಸಿಗದೇ ಉಳಿದಿರುವುದು ಇದು. 2016ರ ಜುಲೈ 31ರಂದು ಗಚ್ಚಿಬೌಲಿಯಲ್ಲಿ ಪುರುಷರ ಫೈನಲ್ ನಡೆದ ದಿನವೇ ‘ವಿಮೆನ್ಸ್ ಕಬಡ್ಡಿ ಚಾಲೆಂಜ್’ ಫೈನಲ್ ಕೂಡ ನಡೆದಿತ್ತು. ಮೂರೇ ತಂಡಗಳ ಪುಟ್ಟ ಟೂರ್ನಿ. ಫೈನಲ್‌ಗೆ ಬಂದದ್ದು ಸ್ಟಾರ್ಮ್ ಕ್ವೀನ್ಸ್ ಮತ್ತು ಫೈರ್ ಬರ್ಡ್ಸ್.

ಕನ್ನಡಿಗರಿಗೆ ಹೆಮ್ಮೆಯ ಸಂಗತಿ ಎಂದರೆ ಎರಡೂ ತಂಡಗಳ ನಾಯಕಿಯರು ಕರ್ನಾಟಕದವರು. ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ, ಫೈರ್ ಬರ್ಡ್ಸ್‌ಗೆ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ. ಇಬ್ಬರೂ ಅರ್ಜುನ ಪ್ರಶಸ್ತಿ ಪುರಸ್ಕೃತರು, ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು. ಪಂದ್ಯ ಕೊನೆಯ ಕ್ಷಣದವರೆಗೂ ಹೋಯಿತು. ಸ್ಟಾರ್ಮ್ ಕ್ವೀನ್ಸ್ 24-23ರಿಂದ, ಒಂದೇ ಅಂಕದಿಂದ ಗೆದ್ದಿತು.

ಅಷ್ಟು ರೋಚಕ ಪಂದ್ಯ ನಡೆದರೂ ಆ ಟೂರ್ನಿ ಎರಡನೇ ವರ್ಷ ಕಾಣಲಿಲ್ಲ. ಪುರುಷರ ಲೀಗ್ 12 ಸೀಸನ್ ಮುಗಿಸಿದೆ. ಮಹಿಳೆಯರಿಗೆ ಅದೇ ವೇದಿಕೆಯಲ್ಲಿ ಪೂರ್ಣ ಪ್ರಮಾಣದ ಲೀಗ್ ಇನ್ನೂ ಬಂದಿಲ್ಲ. ನೋಡುವವರಿಲ್ಲ ಎಂಬ ಕಾರಣ ಕೇಳಿಬರುತ್ತದೆ. ಆದರೆ ತೋರಿಸದೆ ನೋಡುವವರು ಹೇಗೆ ಬರುತ್ತಾರೆ ಎಂಬ ಮರುಪ್ರಶ್ನೆಗೆ ಉತ್ತರವಿಲ್ಲ. ಕ್ರಿಕೆಟ್‌ನಲ್ಲಿ 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಈ ಕಾರಣದ ಬಲ ಇನ್ನಷ್ಟು ಕುಗ್ಗಿದೆ.

2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಚೈನೀಸ್ ತೈಪೆಯನ್ನು 35-28ರಿಂದ ಸೋಲಿಸಿತು. ಏಷ್ಯನ್ ಗೇಮ್ಸ್ ಚಿನ್ನ, ಏಷ್ಯನ್ ಚಾಂಪಿಯನ್‌ಷಿಪ್, ವಿಶ್ವಕಪ್ ಮೂರೂ ಈಗ ಭಾರತದ ಮಹಿಳೆಯರ ಬಳಿ ಇವೆ. ಹರಾಜಿನ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ.

ಮಣ್ಣಿನ ಅಂಕಣದ ಮಾತು: ದಕ್ಷಿಣ ಕನ್ನಡ, ಉಡುಪಿಯ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು ರಾತ್ರಿಯಿಡೀ ನಡೆಯುತ್ತವೆ. ತೆಲಂಗಾಣದ ಹಳ್ಳಿಗಳಲ್ಲಿ ಸಂಕ್ರಾಂತಿ ಬಂದರೆ ಕಬಡ್ಡಿ ಇರಲೇಬೇಕು. ಪ್ರೊ ಕಬಡ್ಡಿಯ ತಾರೆಯರೆಲ್ಲ ಹುಟ್ಟಿದ್ದು ಇಂಥ ಮಣ್ಣಿನಲ್ಲೇ. ಆದರೆ ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತ ಹುಡುಗ ಮ್ಯಾಟ್‌ಗೆ ಬಂದಾಗ ಬೂಟು, ಹಿಡಿತ, ತಿರುಗುವ ವೇಗ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಅದರ ಮೇಲೆ ನಿಯಮವೂ ಬೇರೆಯಾದರೆ ಕಷ್ಟ ಇಮ್ಮಡಿ. ಹಾಗಾಗಿ ಊರ ಪಂದ್ಯಾಟದಿಂದ ಏಷ್ಯನ್ ಗೇಮ್ಸ್‌ವರೆಗೆ ಒಂದೇ ನಿಯಮ ಪುಸ್ತಕ ಇರಲಿ ಎಂಬ ಬೇಡಿಕೆ ಬರೀ ಶುದ್ಧಾಚಾರದ ಮಾತಲ್ಲ. ಆ ಹುಡುಗನ ಬದುಕಿನ ಪ್ರಶ್ನೆಯೂ ಹೌದು.

ಮುಂದೇನು? 2026ರ ಏಷ್ಯನ್ ಗೇಮ್ಸ್ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಜಪಾನ್‌ನ ಐಚಿ-ನಗೋಯಾದಲ್ಲಿ ನಿಗದಿಯಾಗಿದೆ. ಭಾರತದ ಎರಡೂ ತಂಡಗಳು ಅಲ್ಲಿಗೆ ಹೋಗುವುದು ಹಾಲಿ ಚಾಂಪಿಯನ್‌ಗಳಾಗಿ. ರೇಡರ್ ಲಾಬಿಗೆ ಕಾಲಿಟ್ಟಾಗ ಹಿಂದೆ ಓಡುವ ಡಿಫೆಂಡರ್ ಔಟೋ ಅಲ್ಲವೋ ಎಂಬುದು ಟಾಸ್ ಆಗುವ ಮೊದಲೇ ಎರಡೂ ತಂಡಗಳಿಗೆ ಗೊತ್ತಿರಬೇಕು. ಪಂದ್ಯ ನಿಲ್ಲಿಸಿ ಪುಸ್ತಕ ತೆಗೆಯುವ ಪರಿಸ್ಥಿತಿ ಮತ್ತೆ ಬಂದರೆ, ತೀರ್ಪು ಪ್ರತಿ ಬಾರಿಯೂ ನಮ್ಮ ಕಡೆಗೇ ಬರುತ್ತದೆ ಎನ್ನಲಾಗದು.